ತಂತಿಯ ತುದಿ

ಪೂವಯ್ಯ ಸಾಹೇಬರ ಸೊಂಟದಲ್ಲಿ ಹನ್ನೊಂದು ಬೀಗದ ಕೈ.
ನಡೆದರೆ ಸದ್ದು. ನಾಪೋಕ್ಲು ಸೆಕ್ಷನ್ ಆಫೀಸಿಗೆ
ಬೇರೆ ಗಂಟೆ ಬೇಕಿರಲಿಲ್ಲ.
ಒಂದು ಚೂರು ಫ್ಯೂಸ್ ತಂತಿ ಬೇಕೆಂದರೂ
ಅವರೇ ಸ್ಟೋರು ತೆರೆದು, ಗೇಣಿನಲ್ಲಿ ಅಳೆದು, ಕತ್ತರಿಸಿ,
ಅವರೇ ಬೀಗ ಜಗ್ಗಿ ನೋಡಬೇಕು, ಎರಡು ಸಲ.

ನಮ್ಮನ್ನು ಕಳ್ಳರೆಂದಲ್ಲ. ಅದನ್ನು ಹೇಳಿಬಿಡಬೇಕು.
ಕಕ್ಕಡದ ಗಾಳಿಗೆ ಸಿಲ್ವರ್ ಓಕ್ ಮುರಿದು
ಕಕ್ಕಬ್ಬೆ ಲೈನು ನೆಲಕ್ಕೆ ಬಿದ್ದ ರಾತ್ರಿ
ಅರ್ಧ ಕಂಬ ಏರಿದ್ದೆ ನಾನು.
"ಇಳಿಯೋ ಬೆಳ್ಯಪ್ಪ" ಎಂದರು.
ಐವತ್ತಾರರ ಮೊಣಕಾಲು, ಕನ್ನಡಕದ ಮೇಲೆ ಮಳೆ.
ತಾವೇ ಹತ್ತಿ ಬಿಗಿದರು.
ಹೊಸಬರಾಗಿದ್ದಾಗ, ಬೇತುವಿನಲ್ಲಿ,
ಇವರು ಹತ್ತಿಸಿದ ಹುಡುಗನೊಬ್ಬ ಮೇಲೇ ಸುಟ್ಟುಹೋಗಿದ್ದನಂತೆ.
ಅವನ ಹೆಸರು ಎಂದೂ ಹೇಳಲಿಲ್ಲ.
ಅಂಥ ರಾತ್ರಿಗಳಲ್ಲೆಲ್ಲ
ಕೆಳಗೆ ಟಾರ್ಚು ಹಿಡಿದು ನಿಂತವನು ನಾನು,
ಹತ್ತೊಂಬತ್ತು ವರ್ಷ.

ಮೆಚ್ಚಿದರೆ "ಹೂಂ."
ಮೆಚ್ಚದಿದ್ದರೂ ಅದೇ "ಹೂಂ."
ಯಾವುದು ಯಾವುದೆಂದು ಮುಖ ನೋಡುತ್ತಲೇ
ನಮ್ಮ ತಲೆ ನರೆಯಿತು.

ಆಮೇಲೆ ಬಂದವರು ಬಿರಾದಾರ ಮೇಡಂ, ಸಿಂದಗಿ ಕಡೆಯವರು.
ಮೊದಲ ವಾರವೇ ಜಾರಿಬಿದ್ದರು. ಜಿಗಣೆ ಕಂಡು ಕಿರುಚಿದರು.
"ಈ ಮಳಿ, ಈ ಗುಡ್ಡ ನನಗ ಗೊತ್ತಿಲ್ರಿ. ನಿಮಗ ಗೊತ್ತೈತಿ"
ಎಂದು ಸ್ಟೋರಿನ ಕೈ ಮೇಜಿನ ಮೇಲಿಟ್ಟು
ನನ್ನತ್ತ ಸರಿಸಿದರು.
ಮೂರು ದಿನ ಅದನ್ನು ಮುಟ್ಟಲಿಲ್ಲ ನಾನು.
ನಾಲ್ಕನೆಯ ದಿನ ಮನೆಗೊಯ್ದು ದಿಂಬಿನಡಿ ಇಟ್ಟೆ.
ನಿದ್ದೆ ಬರಲಿಲ್ಲ.

ತಪ್ಪೂ ಮಾಡಿದೆ. ಪಾರಾಣೆಯ ಇನ್ಸುಲೇಟರು
ಚೆಯ್ಯಂಡಾಣೆಗೆ ಹೋಗಿ, ರಾತ್ರಿಯಿಡೀ
ಪಾರಾಣೆ ಕತ್ತಲಲ್ಲಿ ಕೂತಿತು.
"ನನ್ನ ಸೆಕ್ಷನ್ನು, ನನ್ನ ತಪ್ಪು"
ಎಂದರು ಮೇಡಂ ಮಡಿಕೇರಿಯ ಫೋನಿಗೆ.
ಫೋನಿಟ್ಟು, ನನ್ನ ಕಡೆ ತಿರುಗಿ,
"ನಾಳಿ ಹ್ಯಾಂಗ ಮಾಡೂಣು?"

ಒಂದು ಮಧ್ಯಾಹ್ನ ಜೀಪು ನಿಲ್ಲಿಸಿ
ಕೊಡೆ ಮರೆತು ಕಂಬ ನೋಡುತ್ತ ನಿಂತರು.
"ಆ ಮೂರನೇ ಬೈಂಡಿಂಗ್ ಯಾರ್ದು?"
ಎದೆ ಝಲ್ಲೆಂದಿತು. ನನ್ನದೇ.
"ತಂತಿ ತುದಿ ಒಳಕ್ಕ ಮಡಚೀರಿ.
ಬಳ್ಳಿ ಸಿಕ್ಕೊಳ್ಳಂಗಿಲ್ಲ. ಭಾಳ ಚಲೋ."
ಮಡಚಿದ್ದೆನೆಂದು ನನಗೇ ಗೊತ್ತಿರಲಿಲ್ಲ.
ಆ ದಿನ ಮನೆಗೆ ಹೋಗುವಾಗ
ದಾರಿಯ ಕಂಬಗಳನ್ನೆಲ್ಲ ಎಣಿಸಿದೆ.

ಮೊನ್ನೆ ಸಂತೆಯಲ್ಲಿ, ಒಣಮೀನಿನ ಸಾಲಿನ ಹತ್ತಿರ,
ಪೂವಯ್ಯನವರು ಸಿಕ್ಕರು. ನಡೆದರೆ ಸದ್ದಿಲ್ಲ ಈಗ.
"ಎಂತ ಬೆಳ್ಯಪ್ಪ, ಲೈನು ನಿಲ್ಲುತ್ತದಾ?"
ನಿಲ್ಲುತ್ತದೆ ಎಂದೆ. ನಂತರ, ಯಾಕೋ,
ಮೇಡಂ ಹೊಗಳಿದ್ದನ್ನು ಹೇಳಿದೆ.
"ಆ ತುದಿ ಮಡಚುವುದು ನಿಮ್ಮದು ಸಾರ್.
ಕೆಳಗಿಂದ, ಟಾರ್ಚಿನ ಬೆಳಕಲ್ಲಿ
ನೋಡಿ ನೋಡಿ ಕೈಗೆ ಬಂದದ್ದು."

ಅವರ ಕೈ ಖಾಲಿ ಸೊಂಟವನ್ನೊಮ್ಮೆ ತಡವಿತು.
ಮೀನಿನ ಪೊಟ್ಟಣ ಆ ಕೈಯಿಂದ ಈ ಕೈಗೆ ಬಂತು.
"ಹೂಂ" ಎಂದರು.

ಯಾವ ಹೂಂ ಎಂದು
ಮುಖ ನೋಡಬೇಕಾಗಲಿಲ್ಲ.