ಬೈಯಲಿಕ್ಕೊಬ್ಬ

ಲಾಗೋಸಿನ ಬಲೋಗುನ್ ಸಂತೆಯಲ್ಲಿ
ಓಬಿಯಗೇಲಿಯದು ಗುಂಡಿಯ ಅಂಗಡಿ,
ನನ್ನದು ಪಕ್ಕದ ದಾರದ್ದು.
ಅಂಗಿಯ ಗುಂಡಿ, ಕೋಟಿನ ಗುಂಡಿ,
ಮದುಮಗಳ ಬೆನ್ನಗುಂಟ ಇಳಿಯುವ ಮುತ್ತಿನ ಗುಂಡಿ,
ಎಣಿಸಿ ಮಾರುವುದಿಲ್ಲ, ತೂಗಿ ಮಾರುತ್ತಾಳೆ.
ಎಣಿಸುವುದು ದುಡ್ಡನ್ನು ಮಾತ್ರ,
ಅದೂ ಎರಡು ಸಲ.

ಸರಕು ಬರುವುದು ಚೀನಾದ ಈವೂನಿಂದ.
ಅಲ್ಲಿ ಶೆನ್ ಎಂಬಾಕೆ, ಮುಖ ನೋಡಿದವರಿಲ್ಲ.
ಆರು ವರ್ಷದಿಂದ ನಮಗೆ ಗೊತ್ತಿರುವುದು
ಮಾದರಿ ಗುಂಡಿಯ ಫೋಟೋದ ಅಂಚಿಗೆ
ಇಣುಕುವ ಅವಳ ಹೆಬ್ಬೆರಳು, ಉಗುರಿನ ಬಣ್ಣ.
'ಹಣ ಮುಟ್ಟಲಿ, ಮರುದಿನವೇ ಹಡಗಿಗೆ.'
ಮುಟ್ಟಬೇಕಲ್ಲ.

ಬ್ಯಾಂಕಿನ ಮೂರನೇ ಕಿಟಕಿ, ಅಡೆಗ್ಬಿಟೆಯವರು.
ಐದು ಅರ್ಜಿ, ಮೂರು ಮೊಹರು, ಒಂದು ಆಕಳಿಕೆ.
ಡಾಲರ್ ಇದ್ದರೆ ಈ ವಾರ,
ಇಲ್ಲದಿದ್ದರೆ ದೇವರಿದ್ದಾನೆ.
ಎರಡು ಸಾವಿರ ಹೊರಟಿತು ಒಂದು ಮಂಗಳವಾರ;
ದಾರಿಯಲ್ಲಿ ನ್ಯೂಯಾರ್ಕಿನದೊಂದು ಬ್ಯಾಂಕು,
ಇವಳು ಕಾಣದ, ಕರೆಯದ ನೆಂಟ,
ಉಣ್ಣದೆ ಎದ್ದೇಳಲಿಲ್ಲ.
ಮುಂದೆ ಹಾಂಗ್‌ಕಾಂಗಿನಲ್ಲಿ ಇನ್ನೊಬ್ಬ
ಕೈತೊಳೆದು ಎಲೆಯ ಮುಂದೆ ಕೂತಿದ್ದ.
ಹನ್ನೊಂದನೆಯ ದಿನ ಶೆನ್ ಬರೆದಳು:
'ಬಂತು. ಐವತ್ತೇಳು ಕಡಿಮೆ.
ಗುಂಡಿ ಕಡಿಮೆ ಮಾಡಲೋ, ಸಾಲ ಬರೆಯಲೋ?'

ಆ ಗುಂಡಿ ಇಲ್ಲಿ ತಲುಪುವಷ್ಟರಲ್ಲಿ ಮದುವೆ ಮುಗಿದಿತ್ತು.
ಮದುಮಗಳು ಹುಕ್ಕು ಹಾಕಿಕೊಂಡು ಹೋದಳಂತೆ.
ನನ್ನ ಬಿಳಿ ದಾರವೂ ಹಾಗೇ ಉಳಿಯಿತು.

ತಂಗಿಯ ಮಗ ಕೆನೆ, ಮೀಸೆ ಈಗಷ್ಟೇ ಚಿಗುರಿದವನು,
'ದೊಡ್ಡಮ್ಮ, ಬ್ಯಾಂಕೆಂದರೆ
ಆಮೆಗೆ ಬಾಡಿಗೆ ಕೊಟ್ಟು ಸವಾರಿ ಹೋದ ಹಾಗೆ' ಅಂದ.
ನೈರಾ ಕೊಟ್ಟು ಟೆದರ್ ಕೊಂಡ.
ಒಂದುದ್ದ ವಿಳಾಸ, ಮನುಷ್ಯರ ಬಾಯಿಗೆ ಬಾರದ್ದು,
ಅಕ್ಷರ ಅಂಕಿ ಕಲಸಿ ಚೆಲ್ಲಿದ್ದು,
ಅದನ್ನು ಅಂಟಿಸಿ, ಫೋನಿನ ಗುಂಡಿ ಒತ್ತಿದ.
ಅವಳು ಸುಟ್ಟ ಬಾಳೆಕಾಯಿ ಕೊಂಡು
ಚಿಲ್ಲರೆಗೆ ಕೈಚಾಚಿ ನಿಂತಿದ್ದಳು.
ಚಿಲ್ಲರೆ ಬರುವ ಮುಂಚೆ ಈವೂನಿಂದ ಬಂತು:
'ಬಂತು.'
ಖರ್ಚು ಒಂದು ಡಾಲರು.

ಆ ವರ್ಷವೆಲ್ಲ ಬ್ಯಾಂಕಿನ ಮುಂದೆ ಹಾಯುವಾಗ
ಸೊಂಟದ ಬಟ್ಟೆ ಇನ್ನೊಂದು ಸುತ್ತು ಬಿಗಿದು
ಎದೆ ಸೆಟೆಸಿ ನಡೆದಳು.

ಆಮೇಲೆ ಒಂದು ಗುರುವಾರ.
ಕರೆಂಟಿಲ್ಲ, ಜನರೇಟರಿನ ಗದ್ದಲ,
ಕೆನೆ ಅವಸರದಲ್ಲಿ ಅಂಟಿಸಿದ್ದು
ಹಿಂದಿನ ದಿನದ ಇನ್ಯಾರದೋ ವಿಳಾಸ.
ಎಂಟುನೂರು.
ಅದೂ ಹೋಯಿತು ನಿಮಿಷದಲ್ಲೇ,
ಅಷ್ಟೇ ವೇಗ, ಅಷ್ಟೇ ಅಗ್ಗ.
ಯಾವ ಗುಂಡಿಗೆ ಬಿತ್ತೆಂಬುದು
ತೆರೆಯ ಮೇಲೆ ಕಾಣುತ್ತದೆ, ಯಾರಿಗೂ, ಯಾವಾಗಲೂ;
ಕೈಹಾಕಿ ಎತ್ತಲಾಗುವುದಿಲ್ಲ.

'ಯಾರನ್ನು ಕೇಳಬೇಕು?'
'ಯಾರೂ ಇಲ್ಲ, ದೊಡ್ಡಮ್ಮ.'
'ಯಜಮಾನ?'
'ಇಲ್ಲ.'
'ಕಾಯುವವನಾದರೂ?'
'ಗಣಿತ' ಅಂದ, ತಲೆ ತಗ್ಗಿಸಿ.
ಗಣಿತವನ್ನು ಬೈಯುವುದು ಹೇಗೆ?
ಅದಕ್ಕೆ ತಾಯಿಯಿಲ್ಲ, ತವರೂರಿಲ್ಲ.

ನನ್ನ ಅಂಗಡಿಯನ್ನೂ ಕೆನೆಗೆ ಒಪ್ಪಿಸಿ ನಾವಿಬ್ಬರೂ ಹೋದೆವು,
ಮೂರನೇ ಕಿಟಕಿಗೆ.
ಅರ್ಧ ಗಂಟೆ ಬೈದಳು.
ಅಡೆಗ್ಬಿಟೆ ಪೆನ್ನಿನ ಮುಚ್ಚಳ ಹಾಕಿ ಕೇಳಿದರು,
ನೀರಿನ ಪೊಟ್ಟಣ ಮುಂದೆ ಸರಿಸಿದರು,
'ಇದು ನಮ್ಮಿಂದ ಹೋದದ್ದಲ್ಲವಲ್ಲಮ್ಮ.'
'ಗೊತ್ತು' ಅಂದಳು, 'ಕೂತುಕೊಳ್ಳಿ, ಇನ್ನೂ ಮುಗಿದಿಲ್ಲ.'

ಐವತ್ತೇಳು ಡಾಲರು ಎಲ್ಲಿಗೆ ಹೋಗುತ್ತಿತ್ತೆಂದು
ನನಗಲ್ಲಿ ತುಸು ತಿಳಿದ ಹಾಗಾಯಿತು.
ಪೂರ್ತಿ ಅಲ್ಲ. ಐವತ್ತೇಳು ಜಾಸ್ತಿಯೇ.

ಅವರ ಕೋಟಿಗೆ ಎರಡನೆಯ ಗುಂಡಿ ಇರಲಿಲ್ಲ.
ಮರುದಿನ ಕಂದು ಬಣ್ಣದ್ದೊಂದು ಹುಡುಕಿ ಕೊಟ್ಟುಬಂದಳು,
ತೂಗದೆ. ದಾರ ನನ್ನದು.

ಈಗಲೂ ಕಳಿಸುವುದು ಫೋನಿನಲ್ಲೇ.
ಆದರೆ ವಿಳಾಸವನ್ನು ಗಟ್ಟಿಯಾಗಿ ಓದುತ್ತಾಳೆ,
ಒಂದೊಂದೇ ಅಕ್ಷರ, ತಲೆಯಿಂದ ಬುಡಕ್ಕೆ,
ಬುಡದಿಂದ ತಲೆಗೆ; ಗಿರಾಕಿಗಳು ಕಾಯಬೇಕು.
ಮೊದಲು ಒಂದೇ ಡಾಲರು ಬಿಟ್ಟು,
ಬಾಗಿಲಲ್ಲಿ ನಿಂತು, ಉಸಿರು ಹಿಡಿದು,
ಅಲ್ಲಿಂದ ಹೆಬ್ಬೆರಳು ಬರಲೆಂದು ನೋಡುತ್ತಾಳೆ.

ಈ ಸಲ ಉಗುರಿಗೆ ಹಸಿರು.