ಐದು ಆಂಪಿಯರ್

ಶೋಘಿಗ್, ನಿನ್ನ ವಾದ ನನಗೆ ಬಾಯಿಪಾಠ:
ನಿನ್ನದು ಕಪಾಟು, ನನ್ನದು ಪುಸ್ತಕ.
ಹೌದು. ನನ್ನದು ಮೇಜಿನ ಕಾಲಿಗೆ ಒರಗಿ ಕೂತ
ಕಬ್ಬಿಣದ ಪೆಟ್ಟಿಗೆ, ಎತ್ತಿದರೆ ಸೊಂಟ ಹಿಡಿಯುತ್ತದೆ.
ಪಕ್ಕದ ಗಾಜು ಒಡೆದಲ್ಲಿ ಬಿಸ್ಕತ್ತಿನ ರಟ್ಟು.
ಒಳಗೆ ಒಂದೊಂದು ಅಂಗಕ್ಕೂ ಒಂದೊಂದು ಮನೆತನ:
ಮದರ್‌ಬೋರ್ಡು ದೋರಾದ ಗುಜರಿಯದು,
ಗ್ರಾಫಿಕ್ಸ್ ಕಾರ್ಡು, ಮದುವೆಗೆ ಮುಂಚೆ
ಆಟ ಬಿಡುತ್ತೇನೆಂದು ಆಣೆಯಿಟ್ಟ ವಾರುಜಾನನದು.
ಆಟ ಬಿಟ್ಟನೋ ಇಲ್ಲವೋ,
ಹುಡುಗಿಯಂತೂ ಬಿಟ್ಟುಹೋದಳು.

ನಿನ್ನದು ಕರ್ರಗೆ, ತೆಳ್ಳಗೆ.
ಡಯಾಲಿಸಿಸ್ ವಾರ್ಡಿನ ರಾತ್ರಿ ಪಾಳಿಯಲ್ಲಿ
ಎರಡೂವರೆಗೆ ಸಿಗುವ ಇಪ್ಪತ್ತು ನಿಮಿಷ
ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ
ತೆರೆದು ಕೂತು ಡ್ರ್ಯಾಗನ್ ಕೊಲ್ಲುತ್ತೀಯ.
ತೊಡೆ ಸುಡುತ್ತದೆಂದು ಕೆಳಗೆ ಸ್ಟೀಲಿನ ಟ್ರೇ,
ಕತ್ತರಿ ಚಿಮುಟ ಇಡುವಂಥದು.
ಮೊನ್ನೆ ಅದರ ಚಾರ್ಜರಿನ ತೂತು ಸಡಿಲವಾಗಿ
ನನ್ನ ಅಂಗಡಿಗೇ ತಂದೆಯಲ್ಲ,
ಹನ್ನೊಂದು ತಿರುಪು ಬಿಚ್ಚಿದೆ.
ಒಂದು ಹಲ್ಲು ಕೀಳಲು ದವಡೆಯನ್ನೇ ಕಳಚಬೇಕು,
ಎಲ್ಲಕ್ಕೂ ಬೆಸುಗೆ.
ನಿನ್ನ ಮುಂದೆ ಬೈಯಲಿಲ್ಲ. ನೀನು ಹೋದ ಮೇಲೆ ಬೈದೆ.

ಆದರೆ ಈ ಬುರ್ಜ್ ಹಮ್ಮೂದಿನಲ್ಲಿ
ನ್ಯಾಯ ಹೇಳುವುದು ನೀನೂ ಅಲ್ಲ, ನಾನೂ ಅಲ್ಲ,
ಮೂಲೆಮನೆಯ ಜನರೇಟರಿನವ.
ತಿಂಗಳ ಮೊದಲ ದಿನ ಬಾಗಿಲಿಗೆ ಬಂದು
ಎಣಿಸಿಕೊಂಡು ಹೋಗುತ್ತಾನೆ, ಐದು ಆಂಪಿಯರ್.
ಅದರಲ್ಲೇ ಫ್ರಿಜ್ಜು, ಅದರಲ್ಲೇ ದೀಪ,
ಅದರಲ್ಲೇ ಇಡೀ ಗ್ರಹವೊಂದನ್ನು ಗೆಲ್ಲುವ ನನ್ನ ಪೆಟ್ಟಿಗೆ.
ಅಮ್ಮ ಗೀಸರ್ ಒತ್ತಿದಳೋ, ಟಕ್.
ಚಪ್ಪಲಿ ಮೆಟ್ಟಿ ನಾಲ್ಕು ಮಹಡಿ ಇಳಿದು
ಸ್ವಿಚ್ಚು ಎತ್ತಿ ಮತ್ತೆ ನಾಲ್ಕು ಮಹಡಿ.
ನನ್ನ ಮೀನಖಂಡ ಗಟ್ಟಿಯಾದದ್ದೇ ಆಟದಿಂದ.

ಮತ್ತೆ ಆ ಹಳೆಯ ಆಟ.
ಅದನ್ನು ಆಡಿಸುತ್ತಿದ್ದ ಯಂತ್ರ ಸತ್ತು ವರ್ಷಗಳಾದವು,
ಡಿಸ್ಕಿನ ಮೈತುಂಬ ಗೀರು.
ಎಮ್ಯುಲೇಟರೆಂದರೆ ಪರಕಾಯ ಪ್ರವೇಶ ಅಷ್ಟೆ,
ಸತ್ತದ್ದು ಬಂದು ಇದ್ದದ್ದರ ಮೈ ಹೊಗುತ್ತದೆ.
ನೀನು ಕೇಳಿದ್ದೆ: ಅಷ್ಟು ಹಳೆಯ ಬಡಪಾಯಿ ಯಂತ್ರಕ್ಕೆ
ಇಷ್ಟು ದೊಡ್ಡ ಪ್ರೊಸೆಸರ್ ಯಾಕೆ?
ಕುಂಟನೊಬ್ಬ ನಡೆದಂತೆಯೇ,
ಅದೇ ಹೆಜ್ಜೆಗೆ ಅದೇ ಎಡವು, ಅದೇ ನಿಟ್ಟುಸಿರು,
ನಡೆದು ತೋರಿಸು ನೋಡೋಣ.
ಅವನಿಗಿಂತ ಹತ್ತುಪಟ್ಟು ಬಲ ಬೇಕು.

ಮಂಗಳವಾರ ನಿನಗೆ ರಜೆ.
ಹನ್ನೊಂದನೆಯ ಹಂತ, ಇಬ್ಬರ ಕೈಯಲ್ಲೂ ಒಂದೊಂದು ಕಂಟ್ರೋಲರ್.
ಕೆಂಪು ಟೋಪಿಯ ಹುಡುಗ ಕಮರಿಯ ಅಂಚಿನಿಂದ ಹಾರಿದ,
ಟಕ್.
ಯುಪಿಎಸ್ ಕೋಳಿಮರಿಯ ಹಾಗೆ ಕಿಂಯ್ಗುಟ್ಟಿತು.
ಏಳು ನಿಮಿಷ, ಅಷ್ಟೇ ಅದರ ಆಯಸ್ಸು.
ಹುಡುಗನನ್ನು ನಡುಗಾಳಿಯಲ್ಲೇ ಸೇವ್ ಮಾಡಿ
ಪೆನ್‌ಡ್ರೈವಿಗೆ ಇಳಿಸಿ
ಕತ್ತಲಲ್ಲಿ ನಿನ್ನ ಕೈಗೆ ಕೊಟ್ಟೆ,
ಬಾಣಂತಿ ಕೋಣೆಯಿಂದ ಮಗು ದಾಟಿಸಿದಂತೆ.

ನಿನ್ನದು ಬ್ಯಾಟರಿಯ ಮೇಲೆ.
ಬ್ಯಾಟರಿಯ ಮೇಲೆ ಅದು ಉಸಿರು ಬಿಗಿಹಿಡಿಯುತ್ತದೆಂದು
ನೀನು ಯಾವತ್ತೂ ಒಪ್ಪಿರಲಿಲ್ಲ.
ಸಂಗೀತ ನಿದ್ದೆಗಣ್ಣಿನ ಪಾದ್ರಿಯ ಹಾಗೆ ಎಳೆಯಿತು,
ಹುಡುಗ ಆಚೆ ದಡ ಮುಟ್ಟಲಿಲ್ಲ.
ಬಿದ್ದ.
ಬೀಳುತ್ತಲೇ ಇದ್ದ.
ಅಷ್ಟು ನಿಧಾನಕ್ಕೆ ಬೀಳುವುದನ್ನು
ನಾವಿಬ್ಬರೂ ನೋಡಿರಲಿಲ್ಲ.

ನೀನೇ ಮೊದಲು ಕಂಡದ್ದು: ಕಮರಿಯ ಗೋಡೆಯಲ್ಲಿ,
ಬಂಡೆಯ ಹಿಂದೆ, ಉಗುರಿನಷ್ಟು ಒಂದು ಮನೆ.
ಕಿಟಕಿಯಲ್ಲಿ ಹಳದಿ ದೀಪ.
ಯಾರು ಬರೆದರೋ, ಯಾವ ಸಂಬಳಕ್ಕೋ,
ಬೀಳುವವರಿಗೆ ಮಾತ್ರ ಕಾಣುವಲ್ಲಿ.
ನನ್ನ ಪೆಟ್ಟಿಗೆ ಅದನ್ನು ಸಾವಿರ ಸಲ
ಸರ್ರನೆ ದಾಟಿಸಿತ್ತು.

ಇನ್ನೊಮ್ಮೆ ಲೋಡ್ ಮಾಡು ಅಂದೆ.
ಬೀಳುತ್ತಾನೆ ಅಂದೆ ನೀನು.
ಬೀಳಲಿ.

ಬಚ್ಚಲಿನಿಂದ ಅಮ್ಮನ ಕೂಗು, ತಲೆತುಂಬ ಸೋಪು:
ಇಳಿದು ಸ್ವಿಚ್ಚು ಎತ್ತಿ ಬಾ!
ಬಂದೆ ಅಂದೆ, ಅಲುಗದೆ.
ಬ್ಯಾಟರಿ ಹದಿನಾರು.