ಗುಂಡಿ ಅಂಗಡಿ

ಸಾವೊ ಪೌಲೊ, ಬೊಮ್ ರೆಟಿರೊ, ಗ್ರಾಸಾ ಬೀದಿ.
ಮೂರು ಮೆಟ್ಟಿಲು ಹತ್ತಿದರೆ ನಮ್ಮ ಗುಂಡಿ ಅಂಗಡಿ.
'ನಮ್ಮ' ಅಂತ ನಾಲಗೆಗೆ ಬಂದದ್ದು
ಬಾಡಿಗೆ ಕಟ್ಟತೊಡಗಿದ ಒಂಬತ್ತನೇ ವರ್ಷ.

ಮೊದಲು ಇಲ್ಲಿದ್ದವಳು ಫ್ರೂಮಾ, ಲಿಥುವೇನಿಯಾದ ಮುದುಕಿ.
ನಾನು ಕಂಡಿಲ್ಲ. ಡ್ರಾಯರಿನ ಚೀಟಿಗಳಲ್ಲಿ ಕಂಡಿದ್ದೇನೆ:
ಬಲದಿಂದ ಎಡಕ್ಕೆ, ಗಂಟುಮೂಟೆ ಹೊತ್ತು
ಸಾಲಾಗಿ ಹೊರಟಂಥ ಅಕ್ಷರ.
ಅದರ ಕೆಳಗೆ ಒಕ್-ಸುನ್ ಬರೆದ ಕೊರಿಯಾದ ಚೌಕಗಳು,
ಇಟ್ಟಿಗೆ ಇಟ್ಟ ಹಾಗೆ.
ಅದರ ಕೆಳಗೆ ನನ್ನದು, ಬಾಲ್‌ಪೆನ್ನು, ಕಾಗುಣಿತ ತಪ್ಪು.
ಮೂವರೂ ಬರೆದದ್ದು ಒಂದೇ:
ಕಪ್ಪು, ನಾಲ್ಕು ಕಣ್ಣು, ಕೋಟಿಗೆ.

ಎಲ್ ಆಲ್ಟೊದಲ್ಲಿ ಬಸ್ಸು ಹತ್ತಿದಾಗ ನನಗೆ ಹತ್ತೊಂಬತ್ತು.
ಮೊದಲೆರಡು ವರ್ಷ ನಗರ ಅಂದರೆ
ಒಂದು ಟ್ಯೂಬ್‌ಲೈಟು, ಹದಿನಾರು ಹೊಲಿಗೆ ಯಂತ್ರ,
ಹೊರಗಿನಿಂದ ಚಿಲಕ.
ಎಷ್ಟು ಸಾವಿರ ಅಂಗಿಗೆ ಕಾಜ ಹೊಲಿದೆನೋ,
ಯಾರ ಯಾರ ಎದೆ ಮುಚ್ಚಿದವೋ.

ಅಲ್ಲಿಂದ ಬಿಡಿಸಿ ತಂದವಳು ಇದೇ ಒಕ್-ಸುನ್.
ದಯೆಯಿಂದಲ್ಲ, ಎಣಿಸಲು ಆಳು ಬೇಕಿತ್ತು.
ಜಗಳಗಂಟಿ. ಎಣಿಸುವಾಗ ಕೆಮ್ಮಿದರೂ ಬೈಗುಳ.
ಮಧ್ಯಾಹ್ನ ಮಾತ್ರ ತನ್ನ ಡಬ್ಬಿಯ ಕಿಮ್ಚಿಯನ್ನು
ನನ್ನ ಬೆಂದ ಆಲೂಗಡ್ಡೆಯ ಮೇಲೆ ಸುರಿದು
"ತಿನ್ನೇ, ಸಪ್ಪೆ ಬಾಯಿಯವಳೇ" ಅನ್ನುವಳು,
ಇಬ್ಬರಿಗೂ ಸರಿಯಾಗಿ ಬಾರದ ಪೋರ್ಚುಗೀಸಿನಲ್ಲಿ.
ಅರೆಬರೆ ಭಾಷೆಯಲ್ಲಿ ಸುಳ್ಳು ಹೇಳುವುದು ಕಷ್ಟ.

ಬಾಗಿಲ ಚೌಕಟ್ಟಿನ ಬಲಕ್ಕೆ, ಭುಜದೆತ್ತರದಲ್ಲಿ
ಒಂದು ಓರೆ ಉಬ್ಬು, ಬೆರಳುದ್ದ.
ಅದರ ಮೇಲೆಯೇ ಬಣ್ಣ ಬಳಿದು ಬಳಿದು
ಮೂಗು ಮೂತಿ ಅಳಿಸಿಹೋಗಿತ್ತು. ಯಾರೂ ಕಿತ್ತಿರಲಿಲ್ಲ.
ಏನದು ಅಂದೆ.
"ಯಾರಿಗ್ಗೊತ್ತು. ಮುದುಕಿ ಮುಟ್ಟುತ್ತಿದ್ದಳು, ನಾನೂ ಮುಟ್ಟುತ್ತೇನೆ.
ವ್ಯಾಪಾರವೇನೂ ಕೆಟ್ಟಿಲ್ಲವಲ್ಲ."

ಒಕ್-ಸುನ್ ತೀರಿಕೊಂಡಳು. ನಾನೂ ಮುಟ್ಟಿದೆ.

ಮೊನ್ನೆ ಫ್ರೂಮಾಳ ಮೊಮ್ಮಗ ಬಂದ,
ಬಕ್ಕತಲೆ, ಕಿಸೆಯಲ್ಲಿ ಸ್ಕ್ರೂಡ್ರೈವರ್.
ಅಜ್ಜಿಯದು, ಒಯ್ಯಲೇ ಅಂದ. ಒಯ್ಯಿ ಅಂದೆ,
ನನ್ನದಲ್ಲದ್ದಕ್ಕೆ ಇಲ್ಲ ಅನ್ನುವುದು ಹೇಗೆ?
ತುಕ್ಕು ತಿಂದ ತಿರುಪು, ಅರ್ಧ ಗಂಟೆ ಬೆವರಿದ.
ಕಾಫಿ ಕೊಟ್ಟೆ. ಕೋಟಿಗೊಂದು ಗುಂಡಿ ಕೊಂಡ,
ದುಡ್ಡು ಬೇಡವೆಂದರೂ ಗಲ್ಲಾದ ಮೇಲಿಟ್ಟು ಹೋದ.

ಈಗ ಅಲ್ಲಿ ಬಣ್ಣವನ್ನೇ ಕಾಣದ ಮರದ ಪಟ್ಟೆ,
ಮೇಲೊಂದು ಕೆಳಗೊಂದು ತೂತು.
ಪುಟ್ಟಿ ಹಾಕಲೇ ಅಂತ ಪೇಂಟರ್ ಎರಡು ಸಲ ಕೇಳಿದ.
ಬೆಳಿಗ್ಗೆ ಷಟರ್ ಎತ್ತಿದೊಡನೆ
ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ.

ಎರಡು ಕಣ್ಣು.
ಇಂಥದ್ದಕ್ಕೆ ದಾರ ಹೇಗೆ ಪೋಣಿಸಬೇಕೆಂದು ನನಗೆ ಗೊತ್ತು,
ಅನ್ನುವಷ್ಟರಲ್ಲಿ ಹಿಂದೆ ಯಾರೋ ಹೈಟಿಯ ಹುಡುಗ:
ಅಕ್ಕಾ, ಬಿಳಿಯದು, ಹನ್ನೆರಡು ಡಜನ್,
ಬೇಗ.